ಮುಚ್ಚಳ ಬಿಚ್ಚಿ, ಮಿಡಿತ ಏರಿಸಿ... ಆದರೆ ಅಳತೆ ಬಿಡಬೇಡಿ!



ಇಪ್ಪತ್ತು ಸಾವಿರವೋ ಮೂವತ್ತು ಸಾವಿರವೋ ಸುರಿದು ಎಸ್.ಪಿ. ರಸ್ತೆಯಿಂದ ಹೊಸ ಪ್ರೊಸೆಸರ್ ತರುತ್ತೀರಿ. ದುಡ್ಡು ನಿಮ್ಮದು, ಕರೆಂಟು ಬಿಲ್ಲು ನಿಮ್ಮದು, ಪೆಟ್ಟಿಗೆ ಕೂತಿರುವ ಮೇಜೂ ನಿಮ್ಮದು. ಆದರೆ ಒಳಗೆ ಏನು ನಡೆಯುತ್ತಿದೆ ಎಂದು ಕೇಳಿದರೆ "ಗೊತ್ತಿಲ್ಲ ಸಾರ್, ಅಂಗಡಿಯವನು ಹಾಕಿಕೊಟ್ಟ" ಅನ್ನುತ್ತೀರಿ. ಇಂಥವರನ್ನು ಮಾಲೀಕ ಅನ್ನಬೇಕೋ, ಬಾಡಿಗೆದಾರ ಅನ್ನಬೇಕೋ?

ಈ ಸಲದ ಸಂಪಾದಕೀಯದಲ್ಲಿ ನಾಮಫಲಕದ ಮಾತಿಲ್ಲ, ಕಾವೇರಿಯ ಮಾತಿಲ್ಲ. ಹೊಸ ಪ್ರೊಸೆಸರ್ ಒಂದನ್ನು ಅದರ ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸುವ ಓವರ್‌ಕ್ಲಾಕಿಂಗ್ ವಿದ್ಯೆಯ ಮಾತಿದೆ. ಪತ್ರಿಕೆಗೆ ದಾರಿ ತಪ್ಪಿತೇ ಎಂದು ಹುಬ್ಬೇರಿಸಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.

ಮೊದಲು ನಾವು ನಿಂತಿರುವ ನೆಲ ನೋಡಿಕೊಳ್ಳೋಣ. ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ಗೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬಂತು. ಅದರ ಉಪಗ್ರಹ ಸಂಪರ್ಕದ ತಟ್ಟೆ ಎತ್ತಿನ ಗಾಡಿಯ ಮೇಲೆ ಬಂದ ಚಿತ್ರ ಇವತ್ತಿಗೂ ಪ್ರಸಿದ್ಧ. ಗಾಡಿ ನಮ್ಮದು, ಎತ್ತು ನಮ್ಮದು, ರಸ್ತೆ ನಮ್ಮದು! ಕೆ.ಆರ್. ಪುರದ ದೂರವಾಣಿನಗರದಲ್ಲಿ 1948ರಷ್ಟು ಹಿಂದೆಯೇ ಐಟಿಐ ಕಾರ್ಖಾನೆ ಎದ್ದಿತ್ತು. 2008ರಲ್ಲಿ ಇಂಟೆಲ್ ಕಂಪನಿ ಆರು ಕೋರ್‌ಗಳ ಜಿಯಾನ್ ಪ್ರೊಸೆಸರ್ ಒಂದನ್ನು ಬಿಡುಗಡೆ ಮಾಡಿತು. 190 ಕೋಟಿ ಟ್ರಾನ್ಸಿಸ್ಟರ್‌ಗಳ ಆ ಚಿಪ್ಪನ್ನು ವಿನ್ಯಾಸ ಮಾಡಿದ್ದು ಬೆಂಗಳೂರಿನಲ್ಲಿ. 2023ರ ನವೆಂಬರಿನಲ್ಲಿ ಎಎಂಡಿ ಕಂಪನಿ ತನ್ನ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದೂ ಇದೇ ಊರಿನಲ್ಲಿ.

ಅಂದರೆ, ಜಗತ್ತಿನ ಕಂಪ್ಯೂಟರುಗಳ ಮಿದುಳು ನಮ್ಮ ಊರಿನಲ್ಲಿ ಹುಟ್ಟುತ್ತಿದೆ. ಆದರೆ ಶಿವಾಜಿನಗರದ, ಹಲಸೂರಿನ, ಕೆ.ಆರ್. ಪುರದ ನಮ್ಮ ಹುಡುಗ ಆ ಕಟ್ಟಡದ ಗೇಟಿನಲ್ಲಿ ನಿಂತಿರುತ್ತಾನೆ. ಇಲ್ಲವೇ ಊಟದ ಡಬ್ಬಿ ತಲುಪಿಸಿ ವಾಪಸ್ ಬರುತ್ತಾನೆ. ಯಾವ ಕೆಲಸವೂ ಕೀಳಲ್ಲ. ಆದರೆ ಒಳಗಿನ ಮೇಜಿಗೆ ನಮ್ಮವರು ಯಾಕೆ ಕಡಿಮೆ ಅನ್ನುವುದು ನಮ್ಮ ಪ್ರಶ್ನೆ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಎದ್ದು ನಿಂತರು. ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಆಗ ಎಲ್ಲರ ಬಾಯಲ್ಲೂ ಒಂದೇ ರಾಗ: "ಸ್ಥಳೀಯರಲ್ಲಿ ಕೌಶಲ ಇರುವವರು ಸಿಗುವುದಿಲ್ಲ." ಈ ಮಾತಿಗೆ ಬೀದಿಯಲ್ಲಿ ಘೋಷಣೆ ಕೂಗಿ ಉತ್ತರ ಕೊಡೋಣ, ಬಿಡುವುದಿಲ್ಲ. ಆದರೆ ಮೇಜಿನ ಮೇಲೂ ಒಂದು ಉತ್ತರ ಕೊಡಬೇಕಲ್ಲವೇ?

ಆ ಉತ್ತರದ ಮೊದಲ ಅಕ್ಷರ ನಿಮ್ಮ ಮನೆಯ ಪೆಟ್ಟಿಗೆಯೊಳಗೇ ಇದೆ.

ಓವರ್‌ಕ್ಲಾಕಿಂಗ್ ಅಂದರೇನು? ಪ್ರೊಸೆಸರ್‌ಗೆ ಒಂದು ನಾಡಿಮಿಡಿತ ಇರುತ್ತದೆ. ಪ್ರತಿ ಮಿಡಿತಕ್ಕೂ ಅದು ಒಂದು ಹೆಜ್ಜೆ ಕೆಲಸ ಮಾಡುತ್ತದೆ. ಇಂದಿನ ಬೋರ್ಡುಗಳಲ್ಲಿ ಮೂಲ ಮಿಡಿತ ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಅದನ್ನು ಮಲ್ಟಿಪ್ಲೈಯರ್ ಎಂಬ ಸಂಖ್ಯೆಯಿಂದ ಗುಣಿಸಬೇಕು. 100 ಗುಣಿಸು 48 ಅಂದರೆ 4.8 ಗಿಗಾಹರ್ಟ್ಸ್, ಅದನ್ನೇ 50 ಮಾಡಿದರೆ 5 ಗಿಗಾಹರ್ಟ್ಸ್. ಇಷ್ಟೇ ಮೂಲಸೂತ್ರ. ಎರಡನೇ ಕ್ಲಾಸಿನ ಮಗ್ಗಿ! ಇದಕ್ಕೆ ಇಂಗ್ಲಿಷ್ ಕಾನ್ವೆಂಟ್ ಬೇಕೇ?

ಇದು ಹೊಸ ವಿದ್ಯೆಯೂ ಅಲ್ಲ. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪು ಬಂತು. ಅದರ ಮೂಲ ಮಿಡಿತವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 300ರ ಚಿಪ್ಪನ್ನು 450ಕ್ಕೆ ಓಡಿಸಿದ ಹುಡುಗರು ಜಗತ್ತಿನ ತುಂಬ ಇದ್ದರು. ದುಬಾರಿ ಚಿಪ್ಪು ಕೊಳ್ಳಲು ಕೈಲಾಗದವರು ಕಂಡುಕೊಂಡ ದಾರಿ ಅದು.

ಅಚ್ಚುಕೂಟದಲ್ಲಿ ಕೈ ಕಪ್ಪು ಮಾಡಿಕೊಂಡವನಿಗೆ ಈ ಸಂಗತಿ ಬೇಗ ಅರ್ಥವಾಗುತ್ತದೆ. ಆಫ್‌ಸೆಟ್ ಮೆಷಿನ್ ಮೇಲೆ ಗಂಟೆಗೆ ಇಷ್ಟು ಇಂಪ್ರೆಷನ್ ಎಂದು ಕಂಪನಿ ಬರೆದಿರುತ್ತದೆ. ನುರಿತ ಮೆಷಿನ್‌ಮನ್ ಕೆಲಸ ನೋಡಿ, ಕಾಗದ ನೋಡಿ, ವೇಗ ಏರಿಸಬಲ್ಲ. ಆದರೆ ಕಣ್ಣು ಮುಚ್ಚಿ ಏರಿಸುವುದಿಲ್ಲ. ರೋಲರ್ ಬಿಸಿಯಾಯಿತೇ, ಮಸಿ ತೆಳುವಾಯಿತೇ, ಕೆಂಪು ಬಣ್ಣ ಹಳದಿಯ ಮೇಲೆ ಸರಿಯಾಗಿ ಕೂರುತ್ತಿದೆಯೇ ಎಂದು ಹಾಳೆ ಎತ್ತಿ ಎತ್ತಿ ನೋಡುತ್ತಾನೆ. ಅಚ್ಚು ಜಾರಿದರೆ ವೇಗ ಇಳಿಸುತ್ತಾನೆ. ಪ್ರೊಸೆಸರ್ ವಿಷಯವೂ ಅಷ್ಟೇ. ಏರಿಸುವುದು ಸುಲಭ, ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದೇ ವಿದ್ಯೆ.

ಈಗ ಕೆಲಸಕ್ಕೆ ಬನ್ನಿ. ಮೊದಲು ನಿಮ್ಮ ಕೈಯಲ್ಲಿರುವುದು ಏರಿಸಬಹುದಾದ ಚಿಪ್ಪೋ ಅಲ್ಲವೋ ನೋಡಿಕೊಳ್ಳಿ. ಇಂಟೆಲ್ ಆದರೆ ಹೆಸರಿನ ಕೊನೆಗೆ 'ಕೆ' ಅಕ್ಷರ ಇರಬೇಕು, ಬೋರ್ಡು 'ಝಡ್' ಸಾಲಿನದಾಗಿರಬೇಕು. ಎಎಂಡಿ ರೈಜೆನ್ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಬಹುಪಾಲು ಬೀಗ ತೆರೆದೇ ಬರುತ್ತವೆ. ಆದರೆ ಎ520, ಎ620ರಂಥ ಅಗ್ಗದ ಬೋರ್ಡುಗಳು ಪ್ರೊಸೆಸರ್ ವೇಗ ಮುಟ್ಟಲು ಬಿಡುವುದಿಲ್ಲ. 5800ಎಕ್ಸ್3ಡಿಯಂಥ ಕೆಲವು ಚಿಪ್ಪುಗಳಿಗೂ ಬೀಗ ಇದೆ. ಲ್ಯಾಪ್‌ಟಾಪ್ ಇದ್ದವರು ಈ ಆಸೆ ಬಿಡಿ. ಅದರ ಸಣ್ಣ ಹೊಟ್ಟೆಯಲ್ಲಿ ಬಿಸಿ ಹೊರಹಾಕಲು ಜಾಗವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ವಾರಂಟಿ ಚೀಟಿಯನ್ನೂ ಓದಿ. ನಿಗದಿತ ಮಿತಿ ಮೀರಿ ಓಡಿಸಿ ಚಿಪ್ಪು ಹಾಳಾದರೆ ಕಂಪನಿಗಳು ಕೈ ತೊಳೆದುಕೊಳ್ಳುತ್ತವೆ. ಇದನ್ನು ತಿಳಿದೇ ಇಳಿಯಿರಿ. ಅಪ್ಪನ ಸಾಲದಲ್ಲಿ ಬಂದ ಕಂಪ್ಯೂಟರ್, ಮನೆಯ ಅನ್ನಕ್ಕೆ ದಾರಿಯಾಗಿರುವ ಕಂಪ್ಯೂಟರ್ ಆದರೆ ಅದರ ಮೇಲೆ ಮೊದಲ ಪಾಠ ಬೇಡ.

ಎರಡನೆಯದು ಗಾಳಿ. ಪ್ರೊಸೆಸರ್ ಮೇಲೆ ಒಳ್ಳೆಯ ಕೂಲರ್ ಇರಲಿ, ಥರ್ಮಲ್ ಪೇಸ್ಟ್ ಸರಿಯಾಗಿ ಹಚ್ಚಿರಲಿ, ಕೂಲರ್ ಕೆಳಗಿನ ಪ್ಲಾಸ್ಟಿಕ್ ಹಾಳೆ ತೆಗೆದಿರಲಿ. ನಗಬೇಡಿ, ಇದನ್ನು ಮರೆಯುವವರು ಬೇಕಾದಷ್ಟು ಜನ ಇದ್ದಾರೆ! ಹಳೇ ಮದ್ರಾಸ್ ರಸ್ತೆಯ ಅಕ್ಕಪಕ್ಕದ ಮನೆಯವರಿಗೆ ಧೂಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಫ್ಯಾನು, ಜಾಲರಿ ಒರೆಸಿ. ಒಳಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿಡಿ. ಎಸ್‌ಎಂಪಿಎಸ್ ಎಂಬ ಕರೆಂಟಿನ ಡಬ್ಬಿಯನ್ನು ಹೆಸರಿಲ್ಲದ ಅಗ್ಗದ ಮಾಲು ತರಬೇಡಿ, ಅದನ್ನು ಎಂದಿಗೂ ಬಿಚ್ಚಲೂ ಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿ.

ಮೂರನೆಯದು ಬಯಾಸ್. ಬೋರ್ಡಿನ ಬಯಾಸ್ ಅನ್ನು ತಯಾರಕರು ಕೊಟ್ಟ ಹೊಸ ಆವೃತ್ತಿಗೆ ತನ್ನಿ. ಆ ಕೆಲಸ ನಡೆಯುವಾಗ ಯುಪಿಎಸ್ ಇರಲಿ. ಅರ್ಧದಲ್ಲಿ ಕರೆಂಟು ಹೋದರೆ ಬೋರ್ಡೇ ಮೂಕವಾಗಬಹುದು. ಬೆಸ್ಕಾಂ ನಿಮ್ಮನ್ನು ಕೇಳಿ ಕರೆಂಟು ತೆಗೆಯುವುದಿಲ್ಲ!

ಇಷ್ಟಾದ ಮೇಲೆ ಏನನ್ನೂ ಏರಿಸದೆ ಮೊದಲ ದಿನ ಬರೀ ಅಳೆಯಿರಿ. ಎಚ್‌ಡಬ್ಲ್ಯು ಇನ್ಫೋ ಎಂಬ ತಂತ್ರಾಂಶ ಬಿಸಿ, ವೋಲ್ಟೇಜ್, ವೇಗ ಮೂರನ್ನೂ ತೋರಿಸುತ್ತದೆ. ಸಿನೆಬೆಂಚ್ ಓಡಿಸಿ ಅಂಕ ಬರೆದುಕೊಳ್ಳಿ. ಒಂದೇ ಕೋರ್‌ನ ಅಂಕವನ್ನೂ, ಎಲ್ಲ ಕೋರ್‌ಗಳ ಅಂಕವನ್ನೂ. ಪೂರ್ತಿ ಭಾರ ಬಿದ್ದಾಗ ಬಿಸಿ ಎಷ್ಟು, ವೋಲ್ಟೇಜ್ ಎಷ್ಟು? ಅದೂ ಬರೆಯಿರಿ. ಕೋಣೆಯ ಬಿಸಿ ಎಷ್ಟು? ಅದೂ. ನೂರು ಪುಟದ ಒಂದು ನೋಟ್ ಪುಸ್ತಕ ಸಾಕು. ಬರೆಯುವುದು ಕನ್ನಡದಲ್ಲಿರಲಿ! ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಆಮೇಲೆ ಏರಿಕೆ. ಬಯಾಸ್‌ಗೆ ಹೋಗಿ ಮಲ್ಟಿಪ್ಲೈಯರ್ ಒಂದೇ ಒಂದು ಅಂಕಿ ಏರಿಸಿ. 48 ಇದ್ದರೆ 49. ಐವತ್ತೆರಡಕ್ಕೆ ನೆಗೆಯಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಕಂಪ್ಯೂಟರ್ ಶುರುವಾಯಿತೇ? ಹದಿನೈದು ನಿಮಿಷ ಸಿನೆಬೆಂಚ್ ಅಥವಾ ಓಸಿಸಿಟಿ ಓಡಿಸಿ. ಬಿಸಿ ನೋಡಿ, ವೋಲ್ಟೇಜ್ ನೋಡಿ, ಅಂಕ ನೋಡಿ, ಬರೆಯಿರಿ. ಸರಿ ಇದ್ದರೆ ಇನ್ನೊಂದು ಅಂಕಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೆಮೊರಿಯ ವೇಗ ಏರಿಸುವ ಎಕ್ಸ್‌ಎಂಪಿ, ಎಕ್ಸ್‌ಪೋ ಕೂಡ ಒಂದು ಬಗೆಯ ಓವರ್‌ಕ್ಲಾಕಿಂಗೇ. ಎರಡನ್ನೂ ಒಟ್ಟಿಗೆ ಮುಟ್ಟಿದರೆ, ಕೆಟ್ಟಾಗ ಕಳ್ಳ ಯಾರು ಅಂತ ಹಿಡಿಯಲಾಗುವುದಿಲ್ಲ.

ಅಪಾಯ ಇರುವುದು ವೋಲ್ಟೇಜ್‌ನಲ್ಲಿ. ವೇಗ ತುಸು ಜಾಸ್ತಿಯಾದರೆ ಕಂಪ್ಯೂಟರ್ ನಿಂತುಹೋಗುತ್ತದೆ, ನೀಲಿ ಪರದೆ ತೋರಿಸುತ್ತದೆ, ಮತ್ತೆ ಆನ್ ಮಾಡಿದರೆ ಎದ್ದು ಬರುತ್ತದೆ. ವೋಲ್ಟೇಜ್ ಜಾಸ್ತಿಯಾದರೆ ಚಿಪ್ಪು ಶಾಶ್ವತವಾಗಿ ಸವೆಯುತ್ತದೆ. ಲೆಕ್ಕ ಕೇಳಿ: ಚಿಪ್ಪು ತಿನ್ನುವ ವಿದ್ಯುತ್ತು ವೇಗದಷ್ಟೇ ಪ್ರಮಾಣದಲ್ಲಿ ಏರಿದರೆ, ವೋಲ್ಟೇಜ್ ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೇಗ ನೂರಕ್ಕೆ ಹತ್ತು, ವೋಲ್ಟೇಜ್ ನೂರಕ್ಕೆ ಹತ್ತು ಏರಿಸಿದಿರಿ ಅನ್ನಿ. 1.1 ಅನ್ನು ಮೂರು ಸಲ ಗುಣಿಸಿ, 1.33 ಬರುತ್ತದೆ. ಹತ್ತು ಭಾಗದ ವೇಗಕ್ಕೆ ಮೂವತ್ತಮೂರು ಭಾಗದಷ್ಟು ಹೆಚ್ಚು ಬಿಸಿ! ಅದಕ್ಕೇ ಮೊದಲ ಪಾಠಕ್ಕೆ ನನ್ನ ಕಟ್ಟಳೆ: ಮೊದಲ ದಿನ ಪೂರ್ತಿ ಭಾರದಲ್ಲಿ ಬರೆದುಕೊಂಡ ವೋಲ್ಟೇಜೇ ನಿಮ್ಮ ಲಕ್ಷ್ಮಣರೇಖೆ. ಅದರೊಳಗೆ ಎಷ್ಟು ವೇಗ ಸಿಗುತ್ತದೋ ಅಷ್ಟಕ್ಕೆ ಸಾಕು ಅನ್ನಿ. ವೋಲ್ಟೇಜ್ 'ಆಟೋ' ಎಂದು ಬಿಟ್ಟರೆ ಕೆಲವು ಬೋರ್ಡುಗಳು ನೀವು ವೇಗ ಏರಿಸಿದಂತೆಲ್ಲ ತಾವೇ ಗುಟ್ಟಾಗಿ ವೋಲ್ಟೇಜ್ ಏರಿಸುತ್ತವೆ. ಪ್ರತಿ ಮೆಟ್ಟಿಲಲ್ಲೂ ಅದನ್ನು ನೋಡಿ.

ಬಿಸಿಯ ಗೆರೆ ಎಲ್ಲಿದೆ? ಇಂಟೆಲ್‌ನ 12ರಿಂದ 14ನೇ ತಲೆಮಾರಿನ 'ಕೆ' ಚಿಪ್ಪುಗಳು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ರೈಜೆನ್ 7000 ಸಾಲಿನ ಸಾಮಾನ್ಯ ಮಿತಿ 95. ಕಲಿಯುವವರು 85ಕ್ಕೇ ನಿಲ್ಲಿ. ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಚಿಪ್ಪೂ ಸುಮಾರು ಅಷ್ಟೇ ಬಿಸಿ ಏರುತ್ತದೆ. ಡಿಸೆಂಬರಿನ ರಾತ್ರಿ ಇಂದಿರಾನಗರದ ಮರದ ನೆರಳಿನ ಮನೆಯಲ್ಲಿ ಗೆದ್ದ ಸೆಟ್ಟಿಂಗು, ಏಪ್ರಿಲ್ ಮಧ್ಯಾಹ್ನ ಕೆ.ಆರ್. ಪುರದ ಶೀಟಿನ ಮನೆಯಲ್ಲಿ ಸೋಲುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ. ಬೇಸಿಗೆಯ ಮಧ್ಯಾಹ್ನಕ್ಕೆ ಹೊಂದಿಸಿ, ಚಳಿಗಾಲಕ್ಕಲ್ಲ.

ಒಂದು ಮೆಟ್ಟಿಲಲ್ಲಿ ನೀಲಿ ಪರದೆ ಬಂತೇ, ತಂತ್ರಾಂಶ ತಾನಾಗಿ ಮುಚ್ಚಿಹೋಯಿತೇ, ಅಂಕ ಏರುವ ಬದಲು ಇಳಿಯಿತೇ? ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಅದಕ್ಕೂ ಒಂದು ಮೆಟ್ಟಿಲು ಕೆಳಗೆ ನಿಂತರೆ ಇನ್ನೂ ಒಳ್ಳೆಯದು. ಅಲ್ಲಿ ಒಂದು ರಾತ್ರಿ ಪೂರ್ತಿ ಅಲ್ಲ, ನೀವು ಎದುರು ಕೂತಿರುವ ಹಗಲು ಹೊತ್ತಿನಲ್ಲಿ ಕೆಲವು ಗಂಟೆ ಪರೀಕ್ಷೆ ನಡೆಸಿ. ಕಂಪ್ಯೂಟರ್ ಏಳದೇ ಹೋದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡಿನ 'ಕ್ಲಿಯರ್ ಸಿಮಾಸ್' ಜಂಪರನ್ನು ಕೈಪಿಡಿಯಲ್ಲಿ ಹೇಳಿದಂತೆ ಜೋಡಿಸಿದರೆ, ಇಲ್ಲವೇ ನಾಣ್ಯದಂಥ ಬ್ಯಾಟರಿಯನ್ನು ಸ್ವಲ್ಪ ಹೊತ್ತು ತೆಗೆದಿಟ್ಟರೆ ಬಯಾಸ್ ಮೊದಲಿನ ಸ್ಥಿತಿಗೆ ಬರುತ್ತದೆ. ಆ ಜಂಪರ್ ಎಲ್ಲಿದೆ ಎಂದು ಏರಿಸುವ ಮುಂಚೆಯೇ ನೋಡಿಟ್ಟುಕೊಳ್ಳಿ.

ರೈಜೆನ್ ಇರುವವರಿಗೆ ಒಂದು ಕಿವಿಮಾತು. ಎಲ್ಲ ಕೋರ್‌ಗಳಿಗೂ ಒಂದೇ ವೇಗ ಕಟ್ಟಿಹಾಕಿದರೆ, ಒಂದೆರಡು ಕೋರ್‌ಗಳು ತಾವಾಗಿ ಮೇಲೆ ನೆಗೆಯುವ ಬೂಸ್ಟ್ ಗುಣ ನಿಂತುಹೋಗುತ್ತದೆ. ಎಲ್ಲ ಕೋರ್‌ನ ಅಂಕ ಏರಿ, ಒಂದು ಕೋರ್‌ನ ಅಂಕ ಇಳಿಯಬಹುದು. ಅದಕ್ಕೇ ಎರಡನ್ನೂ ಬರೆಯಿರಿ ಅಂದದ್ದು. ಅವರಿಗೆ ಪಿಬಿಓ ಎಂಬ ಸೌಮ್ಯ ದಾರಿ ಇದೆ. ಆದರೆ ಅದೂ ನಿಗದಿತ ಮಿತಿ ಮೀರುವ ದಾರಿಯೇ, ವಾರಂಟಿಯ ಮಾತು ಅದಕ್ಕೂ ಅನ್ವಯ.

ಇಷ್ಟೆಲ್ಲ ಹೆದರಿಕೆ ಯಾಕೆ, ದೊಡ್ಡ ಕಂಪನಿಗಳೇ ಎಲ್ಲ ನೋಡಿಕೊಂಡಿರುತ್ತವಲ್ಲ ಅನ್ನುತ್ತೀರಾ? ಕೇಳಿ. 2023ರಲ್ಲಿ ರೈಜೆನ್ 7000 ಸಾಲಿನ ಕೆಲವು ಎಕ್ಸ್3ಡಿ ಚಿಪ್ಪುಗಳು ಬೋರ್ಡಿನ ಮೇಲೆಯೇ ಸುಟ್ಟುಹೋದವು. ಎಎಂಡಿ ಎಸ್ಒಸಿ ವೋಲ್ಟೇಜ್‌ಗೆ 1.3ರ ಬೇಲಿ ಹಾಕಿಸಬೇಕಾಯಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಚಿಪ್ಪುಗಳು ಜಾಸ್ತಿ ವೋಲ್ಟೇಜ್ ಕೇಳಿ ಕೇಳಿ ತಾವೇ ಸವೆದವು. ಯಾರೂ ಏರಿಸದೆ ಇದ್ದ ಚಿಪ್ಪುಗಳೂ ಕೆಟ್ಟವು! ಇಂಟೆಲ್ ಹೊಸ ಮೈಕ್ರೋಕೋಡ್ ಕೊಟ್ಟು 1.55 ವೋಲ್ಟ್‌ಗೆ ಕಡಿವಾಣ ಹಾಕಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ಸುದ್ದಿ ಯಾರಿಗೆ ಮೊದಲು ಗೊತ್ತಾಯಿತು? ಒಳಗಿನ ಅಂಕಿ ಓದಬಲ್ಲವರಿಗೆ. ಓದಲು ಬಾರದವರು "ವಿಂಡೋಸ್ ಕೆಟ್ಟಿದೆ" ಅಂತ ಮತ್ತೆ ಮತ್ತೆ ಅಂಗಡಿಗೆ ದುಡ್ಡು ಕಟ್ಟಿದರು.

ನಿಜ ಹೇಳಿಬಿಡುತ್ತೇನೆ. ಇಂದಿನ ಪ್ರೊಸೆಸರ್‌ಗಳು ಕಾರ್ಖಾನೆಯಿಂದಲೇ ಬಹುಪಾಲು ಏರಿ ಬಂದಿರುತ್ತವೆ. 1998ರ ಹಾಗೆ ಒಂದೂವರೆ ಪಟ್ಟು ಸಿಗುವ ಕಾಲ ಹೋಯಿತು. ನಿಮ್ಮ ಶ್ರಮಕ್ಕೆ ನೂರಕ್ಕೆ ಐದೋ ಎಂಟೋ ಭಾಗ ಸಿಗಬಹುದು. ಪಕ್ಕದ ಮನೆಯವನ ಅದೇ ಹೆಸರಿನ ಚಿಪ್ಪು ನಿಮ್ಮದಕ್ಕಿಂತ ಜಾಸ್ತಿ ಏರಬಹುದು. ಒಂದೇ ತೋಟದ ಎರಡು ಮಾವು ಒಂದೇ ರುಚಿ ಇರುವುದಿಲ್ಲ. ಹಾಗಾದರೆ ಯಾಕೆ ಈ ಪಾಡು?

ಯಾಕೆಂದರೆ ಸಿಗುವ ಸಂಪತ್ತು ಆ ಐದು ಭಾಗದ ವೇಗ ಅಲ್ಲ, ಆ ನೋಟ್ ಪುಸ್ತಕ! ಒಂದನ್ನೇ ಬದಲಿಸು, ಅಳೆ, ಬರೆ, ಕೆಟ್ಟರೆ ಹಿಂದೆ ಬಾ: ಇದು ಬರೀ ಆಟದ ನಿಯಮ ಅಲ್ಲ. ಹೊಸ ಚಿಪ್ಪು ತಯಾರಾಗಿ ಬಂದ ಮೇಲೆ ಕಂಪನಿಯ ಪ್ರಯೋಗಶಾಲೆಯಲ್ಲಿ ವೋಲ್ಟೇಜ್, ಬಿಸಿ, ವೇಗ ಮೂರನ್ನೂ ಏರಿಳಿಸಿ ಎಲ್ಲಿ ತಪ್ಪುತ್ತದೆ ಎಂದು ಹುಡುಕುವ ಎಂಜಿನಿಯರುಗಳಿದ್ದಾರೆ. ಅವರ ಮೇಜಿನ ಕೆಲಸದ ಅ ಆ ಇ ಈ ಇದೇ. ಓವರ್‌ಕ್ಲಾಕಿಂಗ್ ಕಲಿತ ಕೂಡಲೇ ಕೆಲಸದ ಆರ್ಡರ್ ಮನೆಗೆ ಬರುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಅದಕ್ಕೆ ಡಿಪ್ಲೊಮಾ, ಬಿ.ಇ. ಎಲ್ಲ ಬೇಕು. ಆದರೆ ಯಂತ್ರದ ಭಯ ಹೋದ ಹುಡುಗ, ಹುಡುಗಿ ಆ ದಾರಿಗೆ ಹೆಜ್ಜೆ ಇಟ್ಟಾಗಿದೆ.

ಕನ್ನಡದಲ್ಲಿ ಯಾಕೆ ಬರೆಯಬೇಕು ಅಂದಿರಾ? ಬಯಾಸ್ ಪರದೆಯಲ್ಲಿ ಚೀನೀ ಭಾಷೆ ಇದೆ, ಜಪಾನೀ ಇದೆ, ಜರ್ಮನ್ ಇದೆ. ನಾನು ಕಂಡ ಯಾವ ಬೋರ್ಡಿನಲ್ಲೂ ಕನ್ನಡ ಇಲ್ಲ. ಚಿಪ್ಪು ವಿನ್ಯಾಸವಾಗುವ ಊರಿನ ಭಾಷೆಗೆ ಚಿಪ್ಪಿನ ಪರದೆಯಲ್ಲಿ ಜಾಗ ಇಲ್ಲ! ಆ ಜಾಗ ಕೇಳೋಣ. ಕೇಳುವ ಮುಂಚೆ, ಈ ವಿದ್ಯೆಯನ್ನು ಕನ್ನಡದಲ್ಲಿ ಮಾತಾಡುವ ಜನ ಇದ್ದಾರೆ ಎಂದು ತೋರಿಸಬೇಕು. ಕನ್ನಡ ಅಕ್ಷರ ಕಂಪ್ಯೂಟರಿಗೆ ಹೊಂದುವುದಿಲ್ಲ ಅನ್ನುತ್ತಿದ್ದ ಕಾಲವೂ ಇತ್ತು. ಕೆ.ಪಿ. ರಾಯರಂಥವರು ಒಳಗೆ ಕೈ ಹಾಕಿ ಕೀಲಿಮಣೆ ವಿನ್ಯಾಸ ಕಟ್ಟಿಕೊಟ್ಟರು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು. ಅಚ್ಚುಮೊಳೆ ಜೋಡಿಸುತ್ತಿದ್ದ ನಮ್ಮ ಅಚ್ಚುಕೂಟಗಳು ಉಳಿದದ್ದು ಅಂಥವರಿಂದ. ಅವರು ಕಾದು ಕೂತಿದ್ದರೆ ಈ ಪತ್ರಿಕೆಯೂ ನಿಮ್ಮ ಕೈಗೆ ಬರುತ್ತಿರಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಎರಡು ಕಡೆಗೆ. ಸರ್ಕಾರಕ್ಕೆ, ಕಂಪನಿಗಳಿಗೆ: ಈ ಊರಿನ ಅಂಗಡಿಯಲ್ಲಿ ಮಾರುವ ಯಂತ್ರದ ಕೈಪಿಡಿ, ವಾರಂಟಿ ಚೀಟಿ ಕನ್ನಡದಲ್ಲೂ ಇರಲಿ, ವಿನ್ಯಾಸ ಕೇಂದ್ರಗಳು ನೆರೆಯ ಸರ್ಕಾರಿ ಪಾಲಿಟೆಕ್ನಿಕ್, ಐಟಿಐ ಮಕ್ಕಳಿಗೆ ಬಾಗಿಲು ತೆರೆಯಲಿ. ನಮ್ಮ ಸಂಘಟನೆಗಳಿಗೆ: ಬಡಾವಣೆಯ ಪ್ರತಿ ಕನ್ನಡ ಸಂಘದ ಕಚೇರಿಯಲ್ಲಿ ಧ್ವಜದ ಪಕ್ಕ ಒಂದು ಮೇಜು, ಒಂದು ಹಳೆಯ ಕಂಪ್ಯೂಟರ್, ಒಂದು ಸ್ಕ್ರೂಡ್ರೈವರ್ ಇರಲಿ. ಭಾನುವಾರ ಎರಡು ಗಂಟೆ, ಬಲ್ಲವರು ಬಾರದವರಿಗೆ ಕನ್ನಡದಲ್ಲಿ ಹೇಳಿಕೊಡಲಿ. ಹಲಸೂರಿನಲ್ಲಿ ಮನೆಯಲ್ಲಿ ತಮಿಳಾಡುವ ಹುಡುಗನೂ ಬರಲಿ, ಶಿವಾಜಿನಗರದಲ್ಲಿ ಉರ್ದು ಆಡುವ ಹುಡುಗಿಯೂ ಬರಲಿ. ದಂಡಿನ ಬೀದಿಯಲ್ಲಿ ಕನ್ನಡ ಬೆಳೆಯಬೇಕಾದರೆ ಕನ್ನಡದಲ್ಲಿ ಕಲಿಯಲು ಏನಾದರೂ ಇರಬೇಕು. ಬರೀ ಗದರಿಕೆಯಿಂದ ಯಾರೂ ಭಾಷೆ ಕಲಿಯುವುದಿಲ್ಲ.

ಮುಂದಿನ ನವೆಂಬರ್ ಒಂದಕ್ಕೆ ಧ್ವಜ ಹಾರಿಸಿ, ಪಲ್ಲಕ್ಕಿ ಹೊರಿ, ತಪ್ಪಿಲ್ಲ. ಅದರ ಜೊತೆಗೆ ನಿಮ್ಮ ಆ ನೋಟ್ ಪುಸ್ತಕವನ್ನೂ ತನ್ನಿ. ಅದರ ಮೊದಲ ಪುಟದಲ್ಲಿ ಕನ್ನಡದ ಅಂಕಿಯಲ್ಲೋ ಇಂಗ್ಲಿಷ್ ಅಂಕಿಯಲ್ಲೋ, ಕೋಣೆಯ ಬಿಸಿ ಇಷ್ಟು, ಚಿಪ್ಪಿನ ಬಿಸಿ ಇಷ್ಟು, ವೋಲ್ಟೇಜ್ ಇಷ್ಟು, ಇಲ್ಲಿಗೆ ನಿಲ್ಲಿಸಿದೆ ಎಂದು ಬರೆದಿರಲಿ. ಎಲ್ಲಿ ನಿಲ್ಲಿಸಬೇಕು ಎಂದು ಬಲ್ಲವನೇ ಎಲ್ಲಿಯವರೆಗೂ ಹೋಗಬಲ್ಲ.

ಸಿರಿಗನ್ನಡಂ ಗೆಲ್ಗೆ! ಜೈ ಭುವನೇಶ್ವರಿ!

ಸಂಪಾದಕ